ಅಟ್ಟದ ಬಾಣಂತಿ

ದಾರ ಮತ್ತೆ ತುಂಡಾಯಿತು, ಇವತ್ತಿಗೆ ಮೂರನೆಯ ಸಲ, ಸೂಜಿ ಮೊಂಡಾಗಿರಬೇಕು, ಇಲ್ಲ ನನ್ನ ಕಾಲಿನದೇ ತಪ್ಪು, ಪೆಡಲಿನ ಮೇಲೆ ಒಂದೇ ಹದದಲ್ಲಿ ನಿಲ್ಲುತ್ತಿಲ್ಲ, ಕಿಟಕಿಯ ಬಿಸಿಲು ಕತ್ತರಿಗೆ ತಾಗಿ ಗೋಡೆಯ ಮೇಲೆ ಒಂದು ಚೂರು ಬೆಳಕು ಓಡುತ್ತಿದೆ, ಓಡಿ, ನಿಂತು, ಮತ್ತೆ ಓಡುತ್ತಿದೆ, ಅಳಿಲಿನ ಹಾಗೆ — ಬೇಡ, ಹೊಲಿಗೆ ನೋಡು, ಸಂಜೆಗೆ ಗಿರಾಕಿ ಬರುತ್ತಾಳೆ, ಶಾಲೆಯ ನೀಲಿ ಲಂಗ, ಅಂಚು ಮಡಿಚಿ ಹೊಲಿದರೆ ಮುಗಿಯಿತು, ಒಳಕೋಣೆಯಲ್ಲಿ ಅಕ್ಕನ ಮಂಚ ಖಾಲಿ, ಹನ್ನೊಂದು ದಿನವಾಯಿತು, ಹಾಸಿಗೆ ಸುತ್ತಿಡು ಇನ್ನಾದ್ರೂ ಅಂತ ಅಣ್ಣ ಹೇಳಿ ಹೋದ, ಸುತ್ತಿಟ್ಟಿಲ್ಲ, ಆಕ್ಸಿಜನ್ ಯಂತ್ರವನ್ನು ಬಂದು ತೆಗೆದುಕೊಂಡು ಹೋದರು, ಅದು ಕೂತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಚಕ್ರದ ಗುರುತು ಉಳಿದಿದೆ, ಒರೆಸಿದರೂ ಹೋಗುವುದಿಲ್ಲ. ಅಕ್ಕ ಮೂವತ್ತೆಂಟು ವರ್ಷ ಹೆರಿಗೆ ವಾರ್ಡಿನ ನರ್ಸು, ಮದುವೆಯಾಗಲಿಲ್ಲ, ನಾನೂ ಗಂಡನ ಮನೆಯಿಂದ ಆರೇ ತಿಂಗಳಿಗೆ ತಿರುಗಿ ಬಂದವಳು, ಇಬ್ಬರೂ ಈ ಮನೆಯಲ್ಲೇ, ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅವಳ ಮಂಚ, ಅವಳ ಶ್ವಾಸಕೋಶ ಕೈ ಕೊಟ್ಟ ಮೇಲೆ ಮೂಗಿಗೆ ನಳಿಕೆ, ಇನ್ನು ಮನೆಯಲ್ಲೇ ನೋಡ್ಕೊಳ್ಳಿ ಅಂದರು ಡಾಕ್ಟರು, ಅವರು ಹಾಗೆ ಅಂದರೆ ಏನರ್ಥ ಅಂತ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ನಗುತ್ತಿದ್ದಳು, ಅಟ್ಟದ ಹಲಗೆಯ ಮೇಲೆ ಮೊದಲ ಸಲ ಸರಪರ ಸದ್ದು ಕೇಳಿದ ದಿನವೂ ನಕ್ಕಳು, ಕೇಳು ಕಣೇ, ಯಾರೋ ಬಾಡಿಗೆಗೆ ಬಂದಿದ್ದಾರೆ. ಅಳಿಲು. ಸೂರಿನ ಅಂಚಿನಲ್ಲಿ ಹಲಗೆ ಕೊಳೆತ ಕಡೆ ಮುಷ್ಟಿಯಷ್ಟು ತೂತು, ಅಲ್ಲಿಂದ ಹೋಗುತ್ತಿತ್ತು, ಬರುತ್ತಿತ್ತು, ನನ್ನ ಚಿಂದಿಬುಟ್ಟಿಯಿಂದ ಅಸ್ತರಿನ ಚೂರು ಕಚ್ಚಿಕೊಂಡು ಓಡಿದ್ದನ್ನು ನಾನೇ ನೋಡಿದೆ, ಥೂ ಕಳ್ಳೀ ಅಂತ ಬೈದೆ, ಒಳಗಿನಿಂದ ಅಕ್ಕ, ಬೈಬೇಡ ಕಣೇ, ತುಂಬು ಬಸುರಿ ಇರ್ಬೇಕು. ವಾರ ಕಳೆಯಲಿಲ್ಲ, ಒಂದು ಬೆಳಿಗ್ಗೆ ಮೇಲಿನಿಂದ ದಾರದಷ್ಟು ಸಣ್ಣ ದನಿಗಳು, ಅಕ್ಕ ಕಣ್ಣು ಮುಚ್ಚಿ ಕಿವಿಗೊಟ್ಟಳು, ಮೂರು, ಮೂರು ಮರಿ, ಒಂದು ಸ್ವಲ್ಪ ಬಡಕಲು, ಅಂತ ವರದಿ ಒಪ್ಪಿಸಿದಳು, ರಿಟೈರ್ ಆದ್ಮೇಲೂ ವಾರ್ಡು ನನ್ನ ಬಿಡ್ಲಿಲ್ಲ ನೋಡು, ಈಗ ತಲೆ ಮೇಲೇ ಬಂತು. ಅವತ್ತು ಅವಳು ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದಳು, ಒಂದು ತಿಂಗಳಲ್ಲಿ ಮೊದಲ ಸಲ.

ಒಂದು ಮಧ್ಯಾಹ್ನ ಅಕ್ಕನ ಕೋಣೆಯ ಕರೆಂಟು ಮಾತ್ರ ಹೋಯಿತು, ನನ್ನ ಯಂತ್ರ ಓಡುತ್ತಲೇ ಇದೆ, ಅದರ ಗದ್ದಲದಲ್ಲಿ ಅಲ್ಲಿ ಆಕ್ಸಿಜನ್ ಯಂತ್ರ ಕೀ ಅಂತ ಕೂಗಿಕೊಂಡದ್ದು ನನಗೆ ತಡವಾಗಿ ಕೇಳಿತು, ಓಡಿದೆ, ಅಕ್ಕನ ತುಟಿ ನೇರಳೆ ಬಣ್ಣ, ಮೂಲೆಯಲ್ಲಿ ತುರ್ತಿಗೆ ಅಂತ ಇಟ್ಟಿದ್ದ ಸಿಲಿಂಡರಿನ ತಿರುಪು ಯಾವ ಕಡೆ ತಿರುಗಿಸಬೇಕೋ ಮರೆತೇಹೋಗಿದೆ, ಉಸಿರಿಲ್ಲದವಳೇ ಕೈಸನ್ನೆಯಲ್ಲಿ ತೋರಿಸಿದಳು, ಎಡಕ್ಕೆ, ಎಡಕ್ಕೆ, ಹೊಸ ನರ್ಸಿಗೆ ಕಲಿಸುವ ಹಾಗೆ. ಎಲೆಕ್ಟ್ರಿಷಿಯನ್ ಅಟ್ಟ ಹತ್ತಿ ಒಂದು ಗೇಣು ವೈರು ಕತ್ತರಿಸಿ ತಂದು ನನ್ನ ಅಂಗೈ ಮೇಲಿಟ್ಟ, ನೋಡಿ ಅಮ್ಮಾ, ಹಲ್ಲಿನ ಗುರುತು, ಇನ್ನೊಂದ್ಸಲ ಕಡಿದ್ರೆ ಬೆಂಕಿನೇ ಹತ್ತುತ್ತೆ. ಅಕ್ಕನಿಗೂ ತೋರಿಸಿದೆ, ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಾಣಂತಿಗೆ ಹಸಿವು ಜಾಸ್ತಿ ಕಣೇ, ಅಂದಳು, ನನಗೆ ನಗು ಬರಲಿಲ್ಲ, ಆ ತೂತು ಮುಚ್ಚಿಸ್ತೀನಿ ಅಂದೆ, ಅದಕ್ಕೆ ಅಕ್ಕ, ಹದಿನೈದು ದಿನ ತಡಿ, ಮರಿ ಕಣ್ಣು ಬಿಡ್ಲಿ, ಆಮೇಲೆ ಅವಳೇ ಕರ್ಕೊಂಡು ಹೋಗ್ತಾಳೆ, ಹೂಂ ಅಂತ ಹೇಳು. ಹೂಂ ಅಂದೆ. ಹೂಂ ಅಂದವಳೇ ಅಣ್ಣ ಅವಳನ್ನು ಸ್ಕ್ಯಾನಿಗೆ ಕರೆದುಕೊಂಡು ಹೋದ ಬುಧವಾರ ಬಡಗಿಗೆ ಬರಹೇಳಿದೆ, ನಾನು ಜೊತೆಗೆ ಹೋಗಲಿಲ್ಲ, ಅರ್ಜೆಂಟು ಕೆಲಸ ಇದೆ ಅಂದೆ, ಅಳಿಲು ಹೊರಗೆ ಹೋಗುವುದನ್ನೇ ಕಾದೆವು, ಅದು ಗೋಡೆ ಇಳಿದು ಮರ ಹತ್ತಿತು, ಬಡಗಿ ತಗಡಿನ ತುಂಡು ತೂತಿಗೆ ಹಿಡಿದು, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಕೇಳಿದ, ಒಳಗೆ ಮರಿಗಿರಿ ಏನೂ ಇಲ್ಲ ತಾನೇ ಅಮ್ಮಾ? ಇಲ್ಲ, ಅಂದೆ. ಎಷ್ಟು ಸಲೀಸಾಗಿ ಬಂತು ಆ ಇಲ್ಲ. ಆರು ಮೊಳೆ. ತುಟಿ ನೇರಳೆಯಾದದ್ದನ್ನು ನೋಡಿದವಳು ನಾನು, ಬಡಗಿಯಲ್ಲ, ಅಣ್ಣನಲ್ಲ, ನಾನು ಮಾಡಿದ್ದು ಅವಳಿಗೋಸ್ಕರ, ಅಷ್ಟು ನಿಜ, ಅಷ್ಟೇ ನಿಜವೇ?

ತಾಯಿ ಅಳಿಲು ಬಂದದ್ದು ಅವರು ಸ್ಕ್ಯಾನಿನಿಂದ ತಿರುಗಿ ಬರುವ ಮೊದಲೇ, ತಗಡನ್ನು ಕೆರೆಯಿತು, ಹೆಂಚಿನ ಮಾಡಿನ ಮೇಲೆ ಓಡಿತು, ಮತ್ತೆ ಬಂದು ಕೆರೆಯಿತು, ಒಳಗೆ ಮೂರು ದಾರದ ದನಿ, ಅಕ್ಕ ಹಾಸಿಗೆಗೆ ಒರಗುತ್ತಲೇ ಕೇಳಿದಳು, ಅವಳ್ಯಾಕೆ ಹೊರಗಡೆನೇ ಓಡಾಡ್ತಿದಾಳೆ? ಬಿಸಿಲಿಗೆ ಅಂದೆ. ನಾಳೆ ತಗಡು ತೆಗೆಸೋಣ ಅಂದುಕೊಂಡೆ, ಮರುದಿನ ಬೆಳಿಗ್ಗೆ ಬಡಗಿ ಸಿಗಲಿಲ್ಲ, ಏಣಿ ನನ್ನ ಮನೆಯಲ್ಲೇ ಇತ್ತು, ಸುತ್ತಿಗೆ ಇತ್ತು, ಎರಡು ಕೈ ಇದ್ದವು, ಆದರೂ ಬಡಗಿ ಸಿಗಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತ ಕೂತೆ, ಸಂಜೆಗೆ ಮೂರು ದನಿ ಎರಡಾಯಿತು, ಅಕ್ಕ ಗಂಜಿ ಬೇಡ ಅಂದಳು. ಶುಕ್ರವಾರ ಮಧ್ಯಾಹ್ನ ಮೇಲೆ ಸದ್ದೇ ಇಲ್ಲ, ಹೊರಗೂ ಇಲ್ಲ, ಆಗ ಅಟ್ಟ ಹತ್ತಿದೆ, ಸಂದುಗಳಲ್ಲಿ ತೂರಿ ಬಂದ ಬೆಳಕಿನಲ್ಲಿ ಧೂಳು, ಮೂಲೆಯಲ್ಲಿ ಗೂಡು, ನಾನು ಕತ್ತರಿಸಿ ಬಿಸಾಕಿದ ಚೂರುಗಳೇ, ಇಂಥದೇ ನೀಲಿ ಲಂಗದ ಬಟ್ಟೆ, ಮದುವಣಗಿತ್ತಿಯ ಕೆಂಪು ಅಸ್ತರು, ಎಷ್ಟು ನೀಟಾಗಿ ಹೆಣೆದಿತ್ತು, ನನ್ನ ಕೈಯಲ್ಲೂ ಆಗದು, ನಡುವೆ ಮೂರು, ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ತಣ್ಣಗೆ, ಕಣ್ಣಿನ ರೆಪ್ಪೆಗಳು ಇನ್ನೂ ಅಂಟಿಕೊಂಡೇ ಇದ್ದವು. ಸೆರಗಿನಲ್ಲಿ ಕಟ್ಟಿಕೊಂಡು ಇಳಿದು ಹಿತ್ತಿಲಲ್ಲಿ ಮಣ್ಣು ಮಾಡಿದೆ, ಕೈ ತೊಳೆದೆ, ಮತ್ತೆ ತೊಳೆದೆ, ಒಳಗಿನಿಂದ ಅಕ್ಕ, ಯಾಕೇ ಇಷ್ಟು ನೀರು ಸುರೀತೀಯ, ಮೇಲೆ ಸದ್ದೇ ಇಲ್ವಲ್ಲೇ? ನಿದ್ದೆ ಮಾಡ್ತಿವೆ ಅಕ್ಕಾ, ಹೊಟ್ಟೆ ತುಂಬಿರ್ಬೇಕು. ಅವಳು ಅಟ್ಟದ ಹಲಗೆಯನ್ನೇ ನೋಡುತ್ತಿದ್ದಳು, ಮೂವತ್ತೆಂಟು ವರ್ಷ ಅಳದ ಕೂಸುಗಳ ಬೆನ್ನು ತಟ್ಟಿ ಅಳಿಸಿದವಳು, ನಿಶ್ಶಬ್ದಕ್ಕೆ ಏನರ್ಥ ಅಂತ ಅವಳಿಗೆ ನಾನು ಹೇಳಿಕೊಡಬೇಕೆ?

ಅದಕ್ಕೇ ಶನಿವಾರ ಮತ್ತೆ ಅಟ್ಟ ಹತ್ತಿದೆ, ಕೋಟಿನ ಗುಂಡಿಗಳ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅರವತ್ತು ದಾಟಿದ ಹೆಂಗಸು ಮಂಡಿಯೂರಿ ಹಲಗೆಯ ಮೇಲೆ ಗುಂಡಿ ಉರುಳಿಸಿದೆ, ಸರ್ರ್, ಉಗುರಿನಿಂದ ಕೆರೆದೆ, ನಿಲ್ಲಿಸಿದೆ, ಮತ್ತೆ ಸರ್ರ್, ಸಂದಿನಲ್ಲಿ ಒಂದು ಕಣ್ಣಿಟ್ಟು ನೋಡಿದರೆ ಕೆಳಗೆ ಅಕ್ಕ, ಮಂಚದ ಮೇಲೆ ಪುಟ್ಟದಾಗಿ, ಬಲಗೈ ಎತ್ತಿ ಸದ್ದು ಹೋದ ಕಡೆಗೆಲ್ಲ ಬೆರಳಾಡಿಸುತ್ತಿದ್ದಾಳೆ, ಅಲ್ಲಿ, ಈಗ ಇಲ್ಲಿ, ಮುಖದಲ್ಲಿ ನಗು, ನನಗೆ ಅಳು ನಗು ಎರಡೂ ಒಟ್ಟಿಗೇ ಬಂದು ಬಾಯಿಗೆ ಸೆರಗು ತುರುಕಿಕೊಂಡೆ. ಇಳಿದು ಬಂದಾಗ, ಎದ್ದಿವೆ ಕಣೇ, ಅಂದಳು, ನನ್ನ ತಲೆಯ ಮೇಲಿದ್ದ ಜೇಡರಬಲೆಯನ್ನು ನೋಡಿದಳೋ ಇಲ್ಲವೋ, ಭಾನುವಾರವೂ ಹಾಗೇ, ಅರ್ಧ ಬಟ್ಟಲು ಗಂಜಿ. ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಹತ್ತಿದೆ, ಗುಂಡಿ ಉರುಳಿಸಿದೆ, ಸಂದಿನಲ್ಲಿ ನೋಡಿದೆ, ಕೈ ಎದ್ದಿತು, ಬೆರಳು ತೋರಿಸಲಿಲ್ಲ, ಐದೂ ಬೆರಳು ಬಿಡಿಸಿ ನೆಟ್ಟಗೆ ನನ್ನ ಕಡೆಗೆ, ಎಡಕ್ಕೆ ಉರುಳಿಸಿದೆ, ಕೈ ಎಡಕ್ಕೆ ಹೋಗಲಿಲ್ಲ, ಬಲಕ್ಕೆ ಉರುಳಿಸಿದೆ, ಸುಸ್ತಾಗಿರಬೇಕು ಅಂದುಕೊಂಡು ಇನ್ನಷ್ಟು ಜೋರಾಗಿ ಕೆರೆದೆ, ಅವಳು ನಗಲಿ ಅಂತ, ಡಬ್ಬಿಯಲ್ಲಿದ್ದ ಗುಂಡಿಗಳನ್ನೆಲ್ಲ ಸುರಿದೆ, ಅಟ್ಟದ ತುಂಬ ಅಳಿಲುಗಳು ಓಡಿದವು. ಯಂತ್ರ ನಿಲ್ಲಲಿಲ್ಲ, ಕರೆಂಟು ಹೋಗಲಿಲ್ಲ, ವೈರಿಗೆ ಏನೂ ಆಗಿರಲಿಲ್ಲ, ನಾನು ಏಣಿ ಇಳಿದು ಕೋಣೆಗೆ ಬಂದಾಗಲೂ ಅದು ಉಸಿರು ಊದುತ್ತಲೇ ಇತ್ತು, ತೆಗೆದುಕೊಳ್ಳುವವರು ಇರಲಿಲ್ಲ. ನೆಮ್ಮದಿಯಾಗಿ ಹೋದಳು, ನಿದ್ದೇಲೇ ಹೋದಳು ಅಂತ ಅಣ್ಣ ಬಂದವರಿಗೆಲ್ಲ ಹೇಳಿದ, ನಾನು ತಲೆಯಾಡಿಸಿದೆ, ನಿದ್ದೆಯಲ್ಲಿದ್ದವಳು ಕೈ ಎತ್ತುತ್ತಾಳೆಯೇ, ಕರೆಯುತ್ತಿದ್ದಳೇ, ಸಾಕು ಇಳಿಯೇ ಅನ್ನುತ್ತಿದ್ದಳೇ, ಅಥವಾ ಮೊದಲ ದಿನದಿಂದಲೂ ಗೊತ್ತಿತ್ತೇ — ಲಂಗದ ಅಂಚು ಸೊಟ್ಟಗೆ ಹೋಯಿತು, ಬಿಚ್ಚಬೇಕು, ದಾರ ಪೋಣಿಸು, ಸೂಜಿಯ ಕಣ್ಣು ಕಾಣುತ್ತಿಲ್ಲ, ಕಾಣುತ್ತಿರುವುದು ಆ ಕೈ, ಐದೂ ಬೆರಳು ಬಿಡಿಸಿದ ಕೈ, ನಾನು ಎಡಕ್ಕೆ ಉರುಳಿಸುತ್ತೇನೆ, ಕೈ ಅಲ್ಲೇ ಇದೆ, ಬಲಕ್ಕೆ ಉರುಳಿಸುತ್ತೇನೆ, ಅಲ್ಲೇ ಇದೆ, ಐದೂ ಬೆರಳು ಬಿಡಿಸಿದ ಕೈ, ನನ್ನ ಕಡೆಗೆ —