ಪಾಸಾದವರ ಬುಧವಾರ

ಡಾಕ್ಟರ್ ಚಿಯು ಅವರ ಕೋಣೆಯಿಂದ ಹೊರಬಂದ ಗ್ಯೋಕ್-ಹಾಳ ಮುಖ ಬಾಡಿತ್ತು. ಕಾಲು ತೆಗೆಯಬೇಕು ಅಂತಲೇ ಹೇಳಿಬಿಟ್ಟರೇನೋ ಅಂದುಕೊಂಡೆ.

"ಏನಂದ್ರು ಡಾಕ್ಟ್ರು?"

"ಎಲ್ಲಾ ಚೆನ್ನಾಗಿದೆಯಂತೆ ಕಣೇ," ಅಂದಳು. "ಇನ್ಮೇಲೆ ಬುಧವಾರ ಬರೋದು ಬೇಡವಂತೆ."

ನಮ್ಮೂರು ಮಾದೋದ ಪೇಟೆಯ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಸಕ್ಕರೆ ಕಾಯಿಲೆ ಕ್ಲಿನಿಕ್ಕಿನ ನಿಯಮ ಅದು. ಮೂರು ತಿಂಗಳ ಸಕ್ಕರೆಯ ಸರಾಸರಿ ಏಳು ದಾಟಿದವರಿಗೆ ಪ್ರತಿ ಬುಧವಾರ ತರಗತಿ. ಕೈಕಾಲು ಆಡಿಸುವುದು, ಅನ್ನ ತೂಗಿ ಬಡಿಸಿಕೊಳ್ಳುವುದು, ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ. ಏಳಕ್ಕಿಂತ ಕೆಳಗೆ ಇಳಿದವರು ಪಾಸು. ಪಾಸಾದವರು ಮಾತ್ರೆ ಹಿಡಿದುಕೊಂಡು ಮನೆಗೆ ಹೋಗಬೇಕು. ಕುರ್ಚಿಗಳು ಕಮ್ಮಿ, ಹೊಸ ರೋಗಿಗಳು ಜಾಸ್ತಿ. ನಾನು ಹಿಂದಿನ ವರ್ಷವೇ ಪಾಸಾದವಳು. ಅವತ್ತು ಮಾತ್ರೆಗೆ ಬಂದಿದ್ದೆ, ಅಷ್ಟೇ.

ಗ್ಯೋಕ್-ಹಾ ಪೇಟೆಯಲ್ಲಿ ಅಕ್ಕಿಹಿಟ್ಟಿನ ಬಟ್ಟಲುಕಡುಬು ಮಾರಿ ಮುದುಕಿಯಾದವಳು. ಹಬೆಯ ಹಿಂದೆ ನಿಂತು ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದಳು. ಮಂಡಿ ಸವೆದು ಅಂಗಡಿ ಮುಚ್ಚಿದ ಮೇಲೆ ಆ ಬಾಯಿಗೆ ಕೆಲಸವೇ ಇಲ್ಲದಂತಾಯಿತು. ಗಂಡ ಒಳ್ಳೆಯವನೇ. ಆದರೆ ಹಗಲೆಲ್ಲ ದೇವಸ್ಥಾನದ ಕಟ್ಟೆಯ ಮೇಲೆ ಚದುರಂಗದ ಮಣೆ ನೋಡುತ್ತಾ ಕೂತಿರುತ್ತಾನೆ, ಮನೆಗೆ ಬಂದರೆ ಟಿವಿ ನೋಡುತ್ತಾನೆ. ಸಕ್ಕರೆ ಹಾಕದ ಸಾರನ್ನು ಮುಟ್ಟದ ಮನುಷ್ಯ. ರಕ್ತದಲ್ಲಿ ಮಾತ್ರ ಸಕ್ಕರೆಯ ಸುಳಿವಿಲ್ಲ. "ನಾನು ಅಡುಗೆ ಮಾಡಿದ್ದು, ಅವನು ತಿಂದದ್ದು, ಕಾಯಿಲೆ ನನಗೆ," ಅಂತ ಗ್ಯೋಕ್-ಹಾ ಹೇಳುತ್ತಿದ್ದಳು.

ಕ್ಲಿನಿಕ್ಕಿಗೆ ಬಂದ ಮೇಲೆ ಅವಳಿಗೆ ಮತ್ತೆ ಜೀವ ಬಂತು. ಅಲ್ಲಿ ಅವಳಿಗೊಬ್ಬ ಎದುರಾಳಿಯೂ ಸಿಕ್ಕ: ಕಿಮ್-ಸುಯಿ, ಲಾರಿ ಓಡಿಸಿ ನಿವೃತ್ತನಾದವನು, ಹೆಂಡತಿ ತೀರಿಕೊಂಡವನು. ಅವನ ಸಕ್ಕರೆ ಒಂಬತ್ತರಿಂದ ಕೆಳಗೆ ಇಳಿದದ್ದೇ ಇರಲಿಲ್ಲ.

"ನಿನ್ನ ಮೈಯಲ್ಲಿ ಹರಿಯೋದು ರಕ್ತ ಅಲ್ಲ, ಕಬ್ಬಿನಹಾಲು. ಸೊಳ್ಳೆ ಕಚ್ಚಿದ್ರೆ ಅದಕ್ಕೂ ಇಲ್ಲಿ ಒಂದು ಕುರ್ಚಿ ಹಾಕಬೇಕಾಗುತ್ತೆ," ಅನ್ನುತ್ತಿದ್ದಳು.

"ನಿನ್ನ ಕಡುಬು ತಿಂದೇ ಬಂದದ್ದು ಕಣಮ್ಮಾ," ಅನ್ನುತ್ತಿದ್ದ ಅವನು.

ಅವನನ್ನು ಸೋಲಿಸಬೇಕು ಅನ್ನುವ ಹಟಕ್ಕೆ ಬಿದ್ದೇ ಗ್ಯೋಕ್-ಹಾ ಅನ್ನ ತೂಗಿದಳು, ಹಣ್ಣು ಬಿಟ್ಟಳು, ನೋಯುವ ಮಂಡಿ ಹೊತ್ತುಕೊಂಡು ಹೊಳೆದಂಡೆಯಲ್ಲಿ ನಡೆದಳು. ಕೊನೆಗೆ ಸೋಲಿಸಿಯೂಬಿಟ್ಟಳು. ಗೆದ್ದವಳನ್ನು ಮನೆಗೆ ಕಳಿಸಿದರು, ಸೋತವನು ಕುರ್ಚಿಯಲ್ಲಿ ಉಳಿದ.

ಮುಂದಿನ ಬುಧವಾರ ಏನೂ ಆಗದವಳ ಹಾಗೆ ತರಗತಿಗೆ ಹೋಗಿ ಕೂತಳಂತೆ. ತರಗತಿ ನಡೆಸುವ ವೆನ್ ಸಿಸ್ಟರ್ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ಅಕ್ಕಾ, ನೀವು ಪಾಸಾಗಿದ್ದೀರಲ್ಲಾ. ಖುಷಿಪಡಬೇಕು."

"ಫೇಲಾಗೋಕೆ ಏನು ಮಾಡ್ಬೇಕು ಸಿಸ್ಟರ್?"

ವೆನ್ ಸಿಸ್ಟರ್ ನಕ್ಕರು, ತಮಾಷೆ ಅಂದುಕೊಂಡು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಜ್ಯಾಲಿಯ ಐಸ್ ಅಂಗಡಿಯಲ್ಲಿ. ನಮ್ಮೂರಲ್ಲಿ ಒಂದು ಚಮಚ ಸಿಹಿ ತಿಂದರೂ ಅದು ಬಾಯಿಂದ ಬಾಯಿಗೆ ಹೋಗಿ ವೆನ್ ಸಿಸ್ಟರ್ ಕಿವಿಗೆ ಬೀಳುತ್ತದೆ. ಅದಕ್ಕೇ ನಾನು ಬುಧವಾರ ಬಸ್ಸು ಹತ್ತಿ ಪಕ್ಕದೂರು ಜ್ಯಾಲಿಗೆ ಹೋಗುತ್ತಿದ್ದೆ. ಹೆರೆದ ಐಸಿನ ಮೇಲೆ ಮಾವಿನಹಣ್ಣು, ಅದರ ಮೇಲೆ ಸಿಹಿ ಗಟ್ಟಿಹಾಲು. ಬೇರೆ ದಿನ ಬಾಯಿ ಕಟ್ಟುತ್ತಿದ್ದುದರಿಂದ ನನ್ನ ಲೆಕ್ಕ ಹೇಗೋ ಏಳರ ಒಳಗೇ ಇರುತ್ತಿತ್ತು. ಅವತ್ತು ಚಮಚ ಬಾಯಿಗಿಡುವಾಗ ಬಾಗಿಲಲ್ಲಿ ಗ್ಯೋಕ್-ಹಾ ನಿಂತಿದ್ದಳು.

ಅವಳು ನನ್ನನ್ನು ನೋಡಿದಳು. ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ನಮ್ಮೂರ ಹಳೆಯ ಮಾಸ್ತರರನ್ನು ನೋಡಿದಳು. ಅವರ ಪಕ್ಕ ಟೋಪಿ ಕಣ್ಣಿನ ತನಕ ಎಳೆದುಕೊಂಡಿದ್ದ ಔಷಧಿ ಅಂಗಡಿಯವನ ಅತ್ತೆಯನ್ನೂ ಗುರುತು ಹಿಡಿದಳು. ಎಲ್ಲರೂ ಪಾಸಾದವರೇ.

"ಓಹೋ! ಕ್ಲಿನಿಕ್ಕಿನ ಶಾಖೆ ಇಲ್ಲೂ ಇದೆಯಾ?" ಅಂದಳು, ಅಂಗಡಿಯವನಿಗೂ ಕೇಳುವಂತೆ.

ನಾವು ಬೆಂಚು ಎಳೆದು ಒಟ್ಟಿಗೆ ಕೂತೆವು. ತಾನು ಫೇಲಾಗಲಿಕ್ಕೆ ಬಂದವಳು ಅಂತ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಮಾಸ್ತರರು ನಕ್ಕೂ ನಕ್ಕೂ ಕೆಮ್ಮಿದರು. ಅಂದಿನಿಂದ ಪ್ರತಿ ಬುಧವಾರ ಅದೇ ಬೆಂಚು. ಆಮೇಲೆ ಶುಕ್ರವಾರವೂ ಸೇರಿತು. ಹಾಗೆ ನೋಡಿದರೆ ಅವಳಿಗೆ ಬೇಕಾಗಿದ್ದ ಜನ ಸಿಕ್ಕಿದ್ದರು, ಇನ್ನು ಫೇಲಾಗುವ ಅಗತ್ಯವೇ ಇರಲಿಲ್ಲ. ಆದರೆ ಏನನ್ನೂ ಕೊಳ್ಳದೆ ಕೂರಲು ಅಂಗಡಿಯವನು ಬಿಡಬೇಕಲ್ಲ! ತಿಂದೆವು. ಬೇಸಿಗೆ ಪೂರ್ತಿ ತಿಂದೆವು.

ಶರತ್ಕಾಲದ ಹುಣ್ಣಿಮೆ ಹಬ್ಬದ ಹೊತ್ತಿಗೆ ಅವಳ ರಕ್ತ ಪರೀಕ್ಷೆ ಬಂತು. ಒಂಬತ್ತು ದಾಟಿತ್ತು. ಡಾಕ್ಟರ ಕೋಣೆಯಿಂದ ನಗುತ್ತಾ ಬರುತ್ತಾಳೆ ಅಂತ ಕಾದಿದ್ದೆ. ಬಂದವಳು ನನ್ನ ಪಕ್ಕ ಕೂತು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಗಡಿಯಾರ ನೋಡಿದಳು.

"ಬಲಗಣ್ಣಿನ ಹಿಂದೆ ರಕ್ತ ಒಸರಿದೆಯಂತೆ," ಅಂದಳು. "ತುಂಬ ದಿನದಿಂದ ಒಳಗೊಳಗೇ ಹಾಳಾಗ್ತಿತ್ತಂತೆ. ಈ ಬೇಸಿಗೆಯಿಂದಲೇ ಅಂತ ಹೇಳೋಕಾಗಲ್ಲ ಅಂದ್ರು ಡಾಕ್ಟ್ರು, ಪಾಪ. ತೈನಾನಿನ ದೊಡ್ಡಾಸ್ಪತ್ರೆಗೆ ಹೋಗಿ ಲೇಸರ್ ಮಾಡಿಸಬೇಕು."

ಅವಳ ಕೈ ಹಿಡಿದುಕೊಂಡೆ. ಆ ಐಸ್ ನನ್ನ ಹೊಟ್ಟೆಯಲ್ಲೂ ಇತ್ತಲ್ಲ.

ಬುಧವಾರ ತರಗತಿಗೆ ವಾಪಸು ಹೋದಳು. ಹೋದವಳು ಮೊದಲು ನೋಡಿದ್ದು ಕಿಮ್-ಸುಯಿಯ ಕುರ್ಚಿಯನ್ನು. ಅಲ್ಲಿ ಯಾರೋ ಹೊಸಬಳು, ಬಾಯಿ ಬಿಡದ ಹೆಂಗಸು, ಕೂತಿದ್ದಳು.

"ಅವನೆಲ್ಲಿ ಸಿಸ್ಟರ್? ಸತ್ನಾ?"

"ಥೂ, ಬಿಡ್ತು ಅನ್ನಿ ಅಕ್ಕಾ! ಪಾಸಾದ್ರು. ಆರು ಮುಕ್ಕಾಲು. ನಮಗೇ ನಂಬೋಕಾಗಲಿಲ್ಲ."

ಗ್ಯೋಕ್-ಹಾ ಚೀಲ ಅಲ್ಲೇ ಬಿಟ್ಟು ಸೀದಾ ಅವನ ಮನೆಗೆ ಹೋದಳು. ಕಿಮ್-ಸುಯಿ ಅಂಗಳದಲ್ಲಿ ಚಕೋತ ಸುಲಿಯುತ್ತಾ ಕೂತಿದ್ದ. ಇವಳನ್ನು ನೋಡಿ ಎದ್ದು ನಿಂತ.

"ಯಾರನ್ನ ಕೇಳಿ ಪಾಸಾದೆ?"

"ನೀನು ಹೋದ್ಮೇಲೆ ಅಲ್ಲಿ ಏನಿತ್ತು ಮಣ್ಣು? ಬೈಯೋರಿಲ್ಲ. ಬೇಯಿಸಿದ ಕೋಸು, ಸಪ್ಪೆ ಮುಖಗಳು. ಪಾಸಾದವರೆಲ್ಲ ಜ್ಯಾಲಿಗೆ ಹೋಗ್ತಾರೆ ಅಂತ ಕೇಳಿದೆ. ನಾನೂ ಬೇಗ ಪಾಸಾಗಿ ಅಲ್ಲಿಗೆ ಬರೋಣ ಅಂತ..." ಅವನು ತಡವರಿಸಿದ. "ನೀನು?"

"ನಾನು ಫೇಲು."

ಅವನು ಚಕೋತದ ಒಂದು ತೊಳೆ ಚಾಚಿದನಂತೆ. ಅವಳು ಕೈ ತಳ್ಳಿ, "ಅದರಲ್ಲೂ ಸಕ್ಕರೆ ಇದೆ, ದಡ್ಡ," ಅಂದಳು. ಕಣ್ಣಿನ ವಿಷಯ ಅವನಿಗೆ ಹೇಳಿದ್ದು ಆಗ.

ಗ್ಯೋಕ್-ಹಾಳ ಗಂಡನಿಗೆ ವಾಹನ ಓಡಿಸಲು ಬರುವುದಿಲ್ಲ. ಕಿಮ್-ಸುಯಿ ತನ್ನ ಹಳೆಯ ಸಣ್ಣ ಟ್ರಕ್ಕಿನಲ್ಲಿ ತೈನಾನಿಗೆ ಕರೆದುಕೊಂಡು ಹೋದ. ಜೊತೆಗೆ ನಾನೂ, ಗಂಡನೂ. ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದಾಗ ಗಂಡ ಹಿಂದೆಯೇ ಹೋಗಿ ಬಾಗಿಲು ಮುಚ್ಚಿದ ಮೇಲೂ ಅಲ್ಲೇ ನಿಂತಿದ್ದ, ನರ್ಸು ಕುರ್ಚಿ ತೋರಿಸಿದರೂ ಕೂರದೆ. ಹೊರಗೆ ಬಂದ ಗ್ಯೋಕ್-ಹಾ ಔಷಧಿ ಹಾಕಿದ ಕಣ್ಣಿಗೆ ಬೆಳಕು ಕುಕ್ಕುತ್ತಿದೆ ಅಂತ ಕೈ ಅಡ್ಡ ಹಿಡಿದಿದ್ದಳು. ಗಂಡ ತನ್ನ ಟೋಪಿ ತೆಗೆದು ಅವಳ ತಲೆಗಿಟ್ಟ.

"ಟೋಪಿ ನಾರ್ತಿದೆ," ಅಂದಳು. ತೆಗೆಯಲಿಲ್ಲ.

ಕಣ್ಣು ಉಳಿಯಿತು. ಜ್ಯಾಲಿಯ ಬೆಂಚನ್ನು ನಾವೇ ಬಿಟ್ಟೆವು. ಈಗ ಬುಧವಾರ ದೇವಸ್ಥಾನದ ಎದುರು ಸಪ್ಪೆ ಚಹಾ ಕುಡಿಯುತ್ತೇವೆ.

ಗ್ಯೋಕ್-ಹಾ ಮಾತ್ರ ಇನ್ನೂ ತರಗತಿಯಲ್ಲಿದ್ದಾಳೆ. ಅವಳ ಲೆಕ್ಕ ಪ್ರತಿ ಸಲವೂ ಏಳು ದಾಟಿ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ, ಅದಕ್ಕಿಂತ ಇಳಿಯುವುದಿಲ್ಲ, ಏರುವುದೂ ಇಲ್ಲ. ಈ ವಯಸ್ಸಿಗೆ ಅಷ್ಟಿದ್ದರೆ ಸಾಕು ಅನ್ನುತ್ತಾರೆ ಡಾಕ್ಟರ್ ಚಿಯು. ಅಲ್ಲೇ ನಿಲ್ಲಿಸಲು ಅವಳು ಅನ್ನ ತೂಗುವ ಶ್ರದ್ಧೆ, ನಡೆಯುವ ನಿಷ್ಠೆ ಪಾಸಾದ ನಮಗೆ ಯಾರಿಗೂ ಇಲ್ಲ.

ಪಾಸಾದವನನ್ನು ಒಳಗೆ ಬಿಡುವುದಿಲ್ಲವಲ್ಲ, ಕಿಮ್-ಸುಯಿ ಗಲ್ಲಿಯಲ್ಲಿ ಟ್ರಕ್ಕು ನಿಲ್ಲಿಸಿ ಕ್ಲಿನಿಕ್ಕಿನ ಕಿಟಕಿಯ ಪಕ್ಕದಲ್ಲೇ ಕೂರುತ್ತಾನೆ. ಒಳಗಿನಿಂದ ಅವಳು ಬೈಯುತ್ತಾಳೆ, ಹೊರಗಿನಿಂದ ಅವನು ಉತ್ತರ ಕೊಡುತ್ತಾನೆ. ಎಸಿಯ ತಂಪು ಹೊರಗೆ ಹೋಗುತ್ತದೆ ಅಂತ ವೆನ್ ಸಿಸ್ಟರ್ ಕಿಟಕಿ ಮುಚ್ಚುತ್ತಾರೆ. ಅವರು ಆ ಕಡೆ ತಿರುಗಿದ ಕೂಡಲೆ ಬಾಯಿ ಬಿಡದ ಆ ಹೊಸಬಳು ಎದ್ದುಹೋಗಿ ಅದನ್ನು ತೆರೆದಿಡುತ್ತಾಳೆ.