ಹಿತ್ತಲ ಖೋಲಿಯ ಗುರಣ್ಣ

ಮುನ್ನಿ ಎರಡೂ ಕಿವಿ ಮುಚ್ಚಿಕೊಂಡು ಒದರತೊಡಗಿದಾಗ ಹೆಂಗಸರೆಲ್ಲ ಅವಳ ಸುತ್ತ ನೆರೆದರು. ಒಬ್ಬಳು ಬಿಸ್ಕೀಟು ತೋರಿಸಿದಳು, ಇನ್ನೊಬ್ಬಳು ಚಪ್ಪಾಳೆ ತಟ್ಟಿದಳು, ತಾಯಿ ಜೈತುನಬಿ ಅವಳನ್ನು ಎಳೆದು ಅಪ್ಪಿಕೊಳ್ಳಲು ನೋಡಿದಳು. ನಾಲ್ಕೂವರೆ ವರ್ಷದ ಹುಡುಗಿ ಕೊಸರಿಕೊಂಡು ಕಲ್ಲುಹಾಸಿಗೆ ಹಣೆ ಜಜ್ಜಿಕೊಳ್ಳುವುದು ಇನ್ನಷ್ಟು ಹೆಚ್ಚಿತು. ಹೀರಾಬಾಯಿ ಎಲ್ಲರನ್ನೂ ದೂರ ಕಳಿಸಿ, ಲಾರಿಗಳ ಹಾರ್ನ್ ಕೇಳಿಬರುತ್ತಿದ್ದ ರಸ್ತೆ ಕಡೆಯ ಕಿಟಕಿ ಮುಚ್ಚಿ, ಹುಡುಗಿಗೆ ಬೆನ್ನು ಮಾಡಿ ಅವಳ ಹತ್ತಿರ ಕುಳಿತುಬಿಟ್ಟಳು. ಮುಟ್ಟಲಿಲ್ಲ, ಮಾತಾಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ಒದರಾಟ ಇಳಿದು ನರಳಾಟವಾಯಿತು. ಆಮೇಲೆ ಅದೂ ನಿಂತು, ಬೆನ್ನಿಗೆ ಒಂದು ಸಣ್ಣ ತಲೆ ಒರಗಿತು.

ಅದು ತೊಂಬತ್ತೆರಡನೆಯ ಇಸವಿಯ ಮೇ ತಿಂಗಳು. ಮಾತು ಬಾರದ ಸಣ್ಣ ಮಕ್ಕಳಿಗಾಗಿ ಆಳಂದದ ಒಂದು ಸಾಲೆಯಲ್ಲಿ ಇಪ್ಪತ್ತು ದಿನದ ಬೇಸಿಗೆ ಶಿಬಿರ ನಡೆದಿತ್ತು. ಮೈಸೂರಿನಲ್ಲಿ ಮಾತು ಕಲಿಸುವ ವಿದ್ಯೆ ಓದಿ ಬಂದಿದ್ದ ನರ್ಮದಾ ಎಂಬ ತರುಣಿ ಅದನ್ನು ನಡೆಸುತ್ತಿದ್ದಳು. ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದಲೂ ಮಕ್ಕಳು ಬಂದಿದ್ದವು. ದೂರದವರು ತಾಯಂದಿರ ಸಮೇತ ಸಾಲೆಯಲ್ಲೇ ಉಳಿದಿದ್ದರು. ಬೇಸಿಗೆಯ ಸೂಟಿ ಬಿಟ್ಟು ಈ ಕೆಲಸಕ್ಕೆ ಬರಲು ಯಾವ ಮಾಸ್ತರರೂ ಒಪ್ಪದ ಕಾರಣ ಹೆಡ್‌ಮಾಸ್ತರರು ಹೀರಾಬಾಯಿಯ ಹೆಸರು ಬರೆದಿದ್ದರು. ಅದೇ ಸಾಲೆಯಲ್ಲಿ ಕಲಿಸುವ ಮೂವತ್ತೆಂಟರ ಹೆಂಗಸು, ಮದುವೆಯಿಲ್ಲ, ಮಕ್ಕಳಿಲ್ಲ, ಹಿಂದಿನ ಓಣಿಯಲ್ಲಿ ಬಾಡಿಗೆಯ ಒಂದು ಖೋಲಿ. ಮಾದನಹಿಪ್ಪರಗಾದಲ್ಲಿ ಮುದಿ ತಾಯಿಯೊಬ್ಬಳ ಹೊರತು ಅವಳಿಗೆ ಯಾರೂ ಇಲ್ಲವೆಂದು ಇಡೀ ಸಾಲೆ ತಿಳಿದಿತ್ತು. ಹಾಗೆಂದು ಹೇಳಿಕೊಂಡವಳು ಅವಳೇ.

ಅಂದು ಮಧ್ಯಾಹ್ನ ಜೈತುನಬಿ ರೊಟ್ಟಿ ಮುರಿಯುತ್ತ ಹೀರಾಬಾಯಿಯನ್ನೇ ನೋಡಿದಳು. ಅವಳು ಗೊಬ್ಬೂರದವಳು, ಗಂಡನಿಗೆ ಹೇಳದೆ, ತವರಿಗೆ ಹೋಗುತ್ತೇನೆಂದು ಮಗಳನ್ನು ಕರೆದುಕೊಂಡು ಬಂದಿದ್ದಳು.

"ಅಕ್ಕೋರ, ನಿಮ್ಮ ಮನ್ಯಾಗ ಇಂಥವ್ರು ಯಾರರ ಅದಾರೇನ್ರಿ? ಹಡದ ನನಗ ತಿಳೀಲಿಲ್ಲ, ನಿಮಗ ಹೆಂಗ ತಿಳೀತು?"

"ಇಲ್ಲ ತಂಗಿ, ಯಾರೂ ಇಲ್ಲ," ಎಂದು ಹೀರಾಬಾಯಿ ಎದ್ದು ಕೈ ತೊಳೆಯಲು ಹೋದಳು.

ಇದ್ದ. ಗುರಣ್ಣ, ಅವಳಿಗಿಂತ ಆರು ವರ್ಷ ಸಣ್ಣವನು. ಮೂರು ವರ್ಷವಾದರೂ ಅವ್ವಾ ಅನ್ನಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಬಾವಿಯ ಗಾಲಿ ತಿರುಗುವುದನ್ನು ನೋಡುತ್ತ ದಿನವಿಡೀ ನಿಲ್ಲುತ್ತಿದ್ದ. ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತು ಮಠಕ್ಕೆ ಒಯ್ದ, ದರ್ಗಾಕ್ಕೆ ಒಯ್ದ, ಸೊಲ್ಲಾಪುರದ ದವಾಖಾನೆಗೂ ಒಯ್ದ. ಐದನೆಯ ವರ್ಷಕ್ಕೆ ಯಾರೋ ಹೇಳಿದರೆಂದು ಹೊಟ್ಟೆಗೆ ಬರೆ ಹಾಕಿಸಿದರು. ಅವ್ವ ಸುಭದ್ರಾಬಾಯಿ ಕೈ ಹಿಡಿದುಕೊಂಡಿದ್ದಳು. ಕಾಲು ಹಿಡಿದುಕೊಂಡವಳು ಹನ್ನೊಂದು ವರ್ಷದ ಹೀರಾ. ಅಂದು ಗುರಣ್ಣ ಒದರಿದ ಒದರಾಟದಲ್ಲಿಯೂ ಒಂದು ಮಾತು ಇರಲಿಲ್ಲ.

ಹದಿನಾಲ್ಕು ತುಂಬಿದ ವರ್ಷ ಅವನು ಎರಡು ದಿನ ಕಾಣೆಯಾಗಿ, ಆರು ಹರದಾರಿ ದೂರದ ಒಂದು ಊರಿನಲ್ಲಿ ಸಿಕ್ಕ. ಕಳ್ಳನೆಂದು ತಿಳಿದು ಮಂದಿ ಬಡಿದಿದ್ದರು. ಅವನನ್ನು ಮನೆಗೆ ತಂದ ಮೇಲೆ ಸುಭದ್ರಾಬಾಯಿ ಹಿತ್ತಲ ಖೋಲಿಯಲ್ಲಿ ಕಂಬಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಅವನ ಬಲಗಾಲಿಗೆ ಕಟ್ಟಿದಳು. ದಿನಾ ಜಳಕಕ್ಕೆ ಮಾತ್ರ ಬಿಚ್ಚಿ, ಆಮೇಲೆ ಮತ್ತೆ ಕಟ್ಟುತ್ತಿದ್ದಳು. ಅದೇ ವರ್ಷ ಹೀರಾಬಾಯಿಗೆ ಬಂದಿದ್ದ ಎರಡು ಸಂಬಂಧಗಳು ಹಿತ್ತಲ ಕಡೆಯ ಸದ್ದು ಕೇಳಿ ತಿರುಗಿ ಹೋದವು. ಅವಳಿಗೆ ಆಳಂದದಲ್ಲಿ ನೌಕರಿ ಸಿಕ್ಕಿತು. ಬಸ್ಸು ಹತ್ತಿದ ದಿನ ಅವಳಿಗೆ ಎಷ್ಟು ಹಗುರಾಗಿತ್ತೆಂದರೆ, ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತಿತ್ತು. ಅಪ್ಪ ಸತ್ತ ಮೇಲೆ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು. ಹಿತ್ತಲ ಖೋಲಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ.

ಶಿಬಿರದಲ್ಲಿ ನರ್ಮದಾ ದಿನಾಲೂ ಹೇಳುತ್ತಿದ್ದುದು ಒಂದೇ ವಿಷಯ. ಇದು ಹುಚ್ಚಲ್ಲ, ಗಾಳಿ ಸೋಕಿದ್ದಲ್ಲ, ಯಾರ ಶಾಪವೂ ಅಲ್ಲ. ಮಗು ನಿಮ್ಮ ದಾರಿಗೆ ಬರದಿದ್ದರೆ ಮಗುವಿನ ದಾರಿಗೆ ನೀವು ಹೋಗಬೇಕು. ಮಗುವಿಗೆ ಬೇಕಾದ ವಸ್ತುವನ್ನು ಕೈಯಲ್ಲಿ ಹಿಡಿದು, ಅದರ ಹೆಸರು ಒಮ್ಮೆ ಹೇಳಿ, ಸುಮ್ಮನೆ ಮನಸ್ಸಿನಲ್ಲಿ ಹತ್ತರ ತನಕ ಎಣಿಸಬೇಕು. ಮಾತೇ ಬರಬೇಕೆಂದಿಲ್ಲ. ಕಣ್ಣೆತ್ತಿ ನೋಡಿದರೂ ಕೈ ಹಿಡಿದು ಎಳೆದರೂ ಅದು ಕೇಳಿದಂತೆಯೇ, ತಕ್ಷಣ ಕೊಡಬೇಕು. ತಾಯಂದಿರಿಗೆ ಹತ್ತು ಎಣಿಸುವುದೇ ಕಠಿಣವಾಗುತ್ತಿತ್ತು. ಮೂರಕ್ಕೆ ಅವರ ಕೈ ತಾನಾಗಿಯೇ ಮುಂದೆ ಹೋಗಿಬಿಡುತ್ತಿತ್ತು.

ಹನ್ನೆರಡನೆಯ ದಿನ ಮುನ್ನಿ ಹೀರಾಬಾಯಿಯ ಕೈಯಲ್ಲಿದ್ದ ನೀರಿನ ಲೋಟ ನೋಡಿ, ಬಾಯಿ ತೆರೆದು, "ನೀ" ಅಂದಳು. ಅಷ್ಟೇ. ಜೈತುನಬಿ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿದಳು. ಉಳಿದ ತಾಯಂದಿರೂ ಅತ್ತರು. ಲೋಟವನ್ನು ಹುಡುಗಿಯ ಕೈಗೆ ಕೊಟ್ಟ ಹೀರಾಬಾಯಿ ಮಾತ್ರ ಅಳಲಿಲ್ಲ. ಎದ್ದು, ಬೆಂಚುಗಳನ್ನು ಪೇರಿಸಿಟ್ಟಿದ್ದ ಖೋಲಿಗೆ ಹೋಗಿ ಕತ್ತಲಲ್ಲಿ ನಿಂತಳು. ನರ್ಮದಾ ಹುಡುಕಿಕೊಂಡು ಬಂದಾಗ ಅವಳು ಕೇಳಿದಳು:

"ದೊಡ್ಡವರಿಗೆ ಇದು ಬರ್ತದೇನ್ರಿ ಮೇಡಂ?"

"ಎಷ್ಟು ದೊಡ್ಡವರಿಗ್ರಿ?"

"ಮೂವತ್ತೆರಡು."

ಮಾತು ಬರುವುದಿದ್ದರೆ ಸಣ್ಣ ವಯಸ್ಸಿನಲ್ಲೇ ಬರಬೇಕು, ಇಷ್ಟು ವರ್ಷದ ಮೇಲೆ ಆಸೆ ಇಟ್ಟುಕೊಳ್ಳಿ ಎಂದು ಸುಳ್ಳು ಹೇಳಲಾರೆ ಎಂದು ನರ್ಮದಾ ಹೇಳಿದಳು. ಆದರೆ ಮಾತು ಬರದವರಿಗೆ ಏನೂ ತಿಳಿಯುವುದಿಲ್ಲ ಅಂತಲ್ಲ, ಬಹಳ ಮಂದಿಗೆ ಎಲ್ಲವೂ ತಿಳಿಯುತ್ತಿರುತ್ತದೆ ಎಂದಳು. ಯಾರವರು ಎಂದು ಕೇಳಿದಳು. ಹೀರಾಬಾಯಿ ಹದಿನೆಂಟು ವರ್ಷದಲ್ಲಿ ಮೊದಲ ಸಲ, ಊರ ಹೊರಗಿನವರ ಮುಂದೆ, "ನನ್ನ ತಮ್ಮ" ಎಂದಳು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಅವಳು ಮಾದನಹಿಪ್ಪರಗಾಕ್ಕೆ ಹೋದಳು. ಸುಭದ್ರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ತಿಂಗಳಾಗುವ ಮೊದಲೇ ಯಾಕೆ ಬಂದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಹೀರಾಬಾಯಿ ಗಡಿಗೆಯಿಂದ ಬೆಲ್ಲ ತೆಗೆದು ಸಣ್ಣ ಸಣ್ಣ ಚೂರು ಮಾಡಿ ತಟ್ಟೆಯಲ್ಲಿ ಹಾಕಿಕೊಂಡು ಹಿತ್ತಲಿಗೆ ನಡೆದಳು.

ಖೋಲಿಯಲ್ಲಿ ಬೂದಿಯ ವಾಸನೆ ಇತ್ತು. ನೆಲವನ್ನು ಅವ್ವ ಅಂದೇ ಸಾರಿಸಿದ್ದಳು. ಗುರಣ್ಣನ ಮೈಮೇಲೆ ತೊಳೆದ ಅಂಗಿ, ಹಣೆಯ ಮೇಲೆ ವಿಭೂತಿ. ಗಡ್ಡದಲ್ಲಿ ಬಿಳಿ ಕೂದಲು ಕಂಡು ಹೀರಾಬಾಯಿಗೆ ಗಾಬರಿಯಾಯಿತು. ಕಿಂಡಿಯಿಂದ ಬೀಳುವ ಬಿಸಿಲಿನಲ್ಲಿ ಬೆರಳು ಆಡಿಸುತ್ತ ಅವನು ಕುಳಿತಿದ್ದ. ಅವಳು ಒಳಗೆ ಬಂದು ನೆಲದ ಮೇಲೆ ಕುಳಿತಳು. ಒಂದು ಚೂರು ಹಿಡಿದು "ಬೆಲ್ಲ" ಎಂದು ಹತ್ತು ಎಣಿಸಿದಳು. ಅವನು ನೋಡಲಿಲ್ಲ. ಆ ಸಂಜೆಯೆಲ್ಲ ನೋಡಲಿಲ್ಲ. ಬೆಲ್ಲ ಕರಗಿ ಬೆರಳಿಗೆ ಅಂಟಿತು, ಇರುವೆ ಬಂದವು.

ರವಿವಾರ ಬೆಳಿಗ್ಗೆ ಅವಳು ಮೊದಲು ಹಗ್ಗ ಬಿಚ್ಚಿದಳು. ಅವ್ವ ಬಿಗಿದ ಗಂಟು ಅವಳ ಬೆರಳಿಗೆ ಬಗ್ಗದೆ ಹಲ್ಲಿನಿಂದ ಸಡಿಲಿಸಬೇಕಾಯಿತು. ಕಾಲಿನ ಸುತ್ತ ಚರ್ಮ ಬಳೆಯಂತೆ ದಪ್ಪಗಾಗಿ ಕಪ್ಪಾಗಿತ್ತು. ಅವನು ಎದ್ದು ಓಡಲಿಲ್ಲ, ಕುಳಿತಲ್ಲೇ ಕುಳಿತಿದ್ದ. ಅವಳು ಬಾಗಿಲಿಗೆ ಅಡ್ಡ ಕುಳಿತು ಮತ್ತೆ ಬೆಲ್ಲ ಹಿಡಿದಳು, ಮತ್ತೆ ಎಣಿಸಿದಳು. ಎಷ್ಟು ಸಲವೋ. ಬಿಸಿಲು ಕಿಂಡಿಯಿಂದ ಸರಿದು ಗೋಡೆಗೆ ಹೋದ ಹೊತ್ತಿಗೆ, ಅವನ ಕೈ ಮುಂದೆ ಬಂತು. ಮುಖ ಬೇರೆಲ್ಲೋ ತಿರುಗಿಯೇ ಇತ್ತು, ಆದರೆ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು. ಹಿಡಿದು, ಬೆಲ್ಲವಿದ್ದ ಮುಷ್ಟಿಯನ್ನು ತನ್ನ ಬಾಯಿಯ ಕಡೆ ಎಳೆದುಕೊಂಡಿತು.

"ಯವ್ವಾ," ಎಂದು ಅವಳು ಕರೆದಳು. ಸುಭದ್ರಾಬಾಯಿ ಹಿತ್ತಲಲ್ಲೇ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು.

"ನೋಡಿದೇನು? ನನ್ನ ಕೈ ಹಿಡದು ಕೇಳಿದ. ಅವಗ ತಿಳೀತದ."

ಮುದುಕಿ ಬಂದು ಬಾಗಿಲ ಹೊರಗೆ ನಿಂತಳು. ನೆಲದ ಮೇಲೆ ಬಿದ್ದಿದ್ದ ಹಗ್ಗ ನೋಡಿದಳು. ಅವಳ ದನಿ ಏರಲಿಲ್ಲ.

"ತಿಳೀತದ ಅಂತ ನನಗ ತೋರಸಬ್ಯಾಡ ಹೀರಾ. ಏನೂ ತಿಳಿಯಂಗಿಲ್ಲ ಅಂತ ಅಂದುಕೊಂಡು ಹದಿನೆಂಟು ವರ್ಷ ಕಟ್ಟೇನಿ. ತಿಳೀತಿತ್ತು ಅಂದ್ರ, ನಾ ಯಾರನ್ನ ಕಟ್ಟಿದಂಗಾತು?"

ನಿನ್ನ ತಪ್ಪಿಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದು ಹೀರಾಬಾಯಿ ಹೇಳಿದಳು. ಬರೆ ಹಾಕುವಾಗ ನಾನೂ ಕಾಲು ಹಿಡಿದಿದ್ದೆ ಎಂದಳು. ಸುಭದ್ರಾಬಾಯಿ ಕೇಳಿಸಿಕೊಂಡಂತೆ ಕಾಣಲಿಲ್ಲ.

"ನೀ ಸಂಜೀಕ ಬಸ್ ಹತ್ತಿ ಹೋಗಾಕಿ. ಅವ ಹೊರಗ ಹೊಂಟ್ರ ನನ್ನ ಕಾಲಿಗೆ ಓಡಾಕ ಆಗ್ತದೇನು? ನಾ ಸತ್ತ ಮ್ಯಾಲ ಬಿಚ್ಚು. ಅಲ್ಲೀತನ ಬಿಟ್ಟುಬಿಡು."

ಅಂದು ಸಂಜೆ ಬಸ್ಸಿನ ಕಿಟಕಿಯಲ್ಲಿ ಕುಳಿತಾಗ ಹೀರಾಬಾಯಿಗೆ ಗೊತ್ತಿತ್ತು: ಈ ಹೊತ್ತಿಗೆ ಅವ್ವ ಹಿತ್ತಲಿಗೆ ಹೋಗಿರುತ್ತಾಳೆ. ಹಗ್ಗ ಮತ್ತೆ ಕಾಲಿಗೆ ಬಂದಿರುತ್ತದೆ.

ಶಿಬಿರದ ಕೊನೆಯ ದಿನ ಮಕ್ಕಳಿಗೆ ಶಿರಾ ಹಂಚಿದರು. ಮುನ್ನಿಗೆ ಅಷ್ಟೊತ್ತಿಗೆ ಮೂರು ಮಾತು ಬಂದಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಜೈತುನಬಿಯ ಗಂಡ ಬಂದು ನಿಂತಿದ್ದ. ಹೇಳದೆ ಬಂದದ್ದಕ್ಕೆ ಅವಳನ್ನು ಬೈಯುತ್ತಲೇ ಮಗಳನ್ನು ಎತ್ತಿಕೊಂಡ. ಮುಂದಿನ ವರ್ಷ ತಾನು ಬರುವುದು ಮೇಲಿನವರ ಮನಸ್ಸಿಗೆ ಬಿಟ್ಟದ್ದು ಎಂದು ನರ್ಮದಾ ಹೇಳಿದಳು. ಮಾದನಹಿಪ್ಪರಗಾದ ಸಾಲೆಗೆ ವರ್ಗ ಮಾಡಿಕೊಡಬೇಕೆಂದು ಹೀರಾಬಾಯಿ ಅರ್ಜಿ ಬರೆದು ಹೆಡ್‌ಮಾಸ್ತರರ ಕೈಗೆ ಕೊಟ್ಟಳು. ಕಾರಣವೆಂಬಲ್ಲಿ ತಮ್ಮನ ಹೆಸರು ಬರೆದಿದ್ದಳು. ಅವರು ಎರಡು ಸಲ ಓದಿ, ಏನೂ ಕೇಳದೆ ಫೈಲಿಗೆ ಹಾಕಿದರು.

ಸೂಟಿಯಲ್ಲಿ ಇನ್ನು ಎಂಟು ದಿನ ಉಳಿದಿದ್ದವು. ಅವಳು ಊರಿಗೆ ಹೋಗಿ ಹಗ್ಗ ಬಿಚ್ಚಿ, ಕಂಬದಿಂದಲೂ ಬಿಡಿಸಿ, ಒಲೆಗೆ ಹಾಕಿದಳು. ಸುಭದ್ರಾಬಾಯಿ ಬೇಡ ಅನ್ನಲಿಲ್ಲ. ಆದರೆ ಅಂದಿನಿಂದ ಅವಳು ಹಿತ್ತಲಿಗೆ ಹೋಗುವುದನ್ನೇ ಬಿಟ್ಟಳು. ಮಗನಿಗೆ ತಟ್ಟೆ ಬಡಿಸಿ ಮಗಳ ಕೈಗೆ ಕೊಟ್ಟು, ಪಡಸಾಲೆಯ ಗೋಡೆಗೆ ಒರಗಿ ಕೂಡುವಳು. ಲಿಂಗಪೂಜೆಗೆ ಕುಳಿತರೆ ತಾಸುಗಟ್ಟಲೆ ಏಳುತ್ತಿರಲಿಲ್ಲ. ತನ್ನ ರೊಟ್ಟಿಯನ್ನು ಅರ್ಧಕ್ಕೇ ಬಿಡುತ್ತಿದ್ದಳು.

ಗುರಣ್ಣ ಮಾತಾಡಲಿಲ್ಲ. ನೀರು ಬೇಕಾದರೆ ಅಕ್ಕನ ಕೈ ಹಿಡಿದು ಅವಳನ್ನು ತುಂಬಿಟ್ಟ ಕೊಡದ ಹತ್ತಿರ ಒಯ್ಯುತ್ತಿದ್ದ. ಹಿತ್ತಲಲ್ಲಿ ನಡೆದಾಡುವಾಗ ಹಗ್ಗದ ಅಳತೆಯಷ್ಟೇ ಹೆಜ್ಜೆ ಇಟ್ಟು ತಿರುಗುತ್ತಿದ್ದ, ಅದರಾಚೆ ಹೋಗುತ್ತಿರಲಿಲ್ಲ. ಹಿತ್ತಲ ಬಾಗಿಲಿಗೆ ಅಗಳಿ ಹಾಕುವ ಅಗತ್ಯವೇ ಬೀಳಲಿಲ್ಲ.

ಆರನೆಯ ದಿನ ಮಧ್ಯಾಹ್ನ, ಹೀರಾಬಾಯಿ ತಮ್ಮನ ಅಂಗಿಗೆ ಗುಂಡಿ ಹಚ್ಚುತ್ತ ಖೋಲಿಯಲ್ಲಿ ಕುಳಿತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಸುಭದ್ರಾಬಾಯಿ ಚೌಕಟ್ಟು ಹಿಡಿದು ನಿಂತಿದ್ದಳು. ಒಳಗೆ ಬಂದು, ಮೊಣಕಾಲು ಒತ್ತಿಕೊಳ್ಳುತ್ತ ಮಗನ ಎದುರು ಕುಳಿತಳು.

ಗುರಣ್ಣ ಬೆರಳಾಡಿಸುವುದನ್ನು ನಿಲ್ಲಿಸಿದ. ಅವಳ ಮುಖ ನೋಡಲಿಲ್ಲ. ದಿನಾ ಜಳಕವಾದ ಮೇಲೆ ಮಾಡುತ್ತಿದ್ದಂತೆ ಹಿಂದಕ್ಕೆ ಸರಿದು ಕಂಬಕ್ಕೆ ಬೆನ್ನು ಹಚ್ಚಿ, ಬಲಗಾಲನ್ನು ನಿಧಾನವಾಗಿ ಚಾಚಿ ಅವ್ವನ ಮುಂದೆ ಇಟ್ಟ. ಇಟ್ಟು, ಅಲುಗದೆ ಕಾದ.

ಸುಭದ್ರಾಬಾಯಿಯ ಎರಡೂ ಕೈ ಖಾಲಿ ಇದ್ದವು. ಬಹಳ ಹೊತ್ತಿನ ಮೇಲೆ ಅವಳು ಆ ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯ ಮಣ್ಣನ್ನು ಸೆರಗಿನಿಂದ ಒರೆಸತೊಡಗಿದಳು. ಮಣ್ಣು ಹೋದ ಮೇಲೂ ಒರೆಸುತ್ತಲೇ ಇದ್ದಳು.