ಒಲೆಗೆ ಹೊಲಿದ ಅಂಗಿ

ಕರೆಂಟ್ ಕಿತ್ತರೆ ಟೈಲರಮ್ಮ ತಾನಾಗಿಯೇ ಗಂಟುಮೂಟೆ ಕಟ್ಟುತ್ತಾಳೆ ಎಂದು ಕಟ್ಟಡದ ಯಜಮಾನರು ಲೆಕ್ಕ ಹಾಕಿದ್ದರು. ಕರಾರು ಮುಗಿಯಲು ಇನ್ನೂ ಬೇಕಾದಷ್ಟು ಕಾಲವಿತ್ತು. ಆದರೆ ಆ ಮೂಲೆ ಅಂಗಡಿಯ ಮೇಲೆ ಬೇಕರಿಯವನೊಬ್ಬನ ಕಣ್ಣು ಬಿದ್ದಿತ್ತು. ಹಾಗಾಗಿ ಒಂದು ಬೆಳಿಗ್ಗೆ ಮೀಟರಿನಿಂದ ಬರುವ ವೈರು ಇದ್ದಕ್ಕಿದ್ದಂತೆ ಸುಟ್ಟುಹೋಯಿತಂತೆ. ರಿಪೇರಿಯವನು ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಯಜಮಾನರು ಮೂಗಿಗೆ ತುಪ್ಪ ಸವರುತ್ತಲೇ ಇದ್ದರು. ಇವಳಿಗೆ ವೈರು ಎಳೆದುಕೊಟ್ಟರೆ ಜೋಕೆ ಎಂದು ಅಕ್ಕಪಕ್ಕದ ಅಂಗಡಿಗಳಿಗೆ ತಾಕೀತೂ ಆಗಿತ್ತು.

ಟೈಲರಮ್ಮನದು ಕಾಲಿನಲ್ಲಿ ತುಳಿಯುವ ಮಿಷನ್. ಅದಕ್ಕೆ ಕರೆಂಟಿನ ಹಂಗಿಲ್ಲ, ಹಂಗಿರುವುದು ಕಣ್ಣಿಗೆ. ಅಂಗಡಿಗಾಗಲಿ, ಅದರ ಹಿಂದೆ ಅವಳು ಗಂಡನೊಂದಿಗೆ ಸಂಸಾರ ಹೂಡಿದ್ದ ಕೋಣೆಗಾಗಲಿ ಕಿಟಕಿಯೇ ಇಲ್ಲ. ಆಸ್ಪತ್ರೆಯ ನರ್ಸುಗಳ ಬಿಳಿ ಕೋಟುಗಳನ್ನು ನಾಳೆ ಬೆಳಿಗ್ಗೆಯೊಳಗೆ ಕೊಡಬೇಕಿತ್ತು. ಆ ಕೆಲಸ ಕೈಬಿಟ್ಟರೆ ಅಂಗಡಿಯೂ ಕೈಬಿಟ್ಟಂತೆಯೇ. ಮೇಣದಬತ್ತಿ ಹಚ್ಚಿದರೆ ಬಿಳಿ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತದೆ. ಯಾರ ಮನೆಯಲ್ಲೋ ಹಲ್ಲು ಗಿಂಜಿ ದೀಪ ಚಾರ್ಜ್ ಮಾಡಿಸಿಕೊಂಡು ಬರುವ ಜಾಯಮಾನ ಅವಳದಲ್ಲ.

"ಹಿಂದಿನ ಓಣೀಲಿ ಒಂದು ರೂಮ್ ಕೊಡ್ತಾರಂತೆ. ಒಪ್ಕೊಂಡು ಬಿಡೋಣ ಕಣೇ" ಎಂದ ಅವಳ ಗಂಡ. ಅವನು ಬಸ್ ಕಂಡಕ್ಟರ್. ಹಗಲೆಲ್ಲ ಜನರ ಬಾಯಿಗೆ ಸಿಕ್ಕು ಬರುವವನು, ಮನೆಯ ಹತ್ತಿರ ಜಗಳವೆಂದರೆ ಮಾರು ದೂರ ನಿಲ್ಲುತ್ತಿದ್ದ.

"ನೀವು ಬೇಕಾದ್ರೆ ಹೋಗಿ. ನಾನಂತೂ ಕದಲಲ್ಲ."

ಬೆಟ್ಟ ಹತ್ತುವ ಹುಚ್ಚಿನ ಅವಳ ತಮ್ಮ ತಂದು ಅಟ್ಟಕ್ಕೆ ಎಸೆದಿದ್ದ ಒಲೆಯೊಂದಿತ್ತು. ಚೊಂಬಿನಂಥ ಪುಟ್ಟ ಒಲೆ, ಅದರ ಪಕ್ಕಕ್ಕೆ ಅಂಟಿಕೊಂಡ ಒಂದು ಪೆಟ್ಟಿಗೆ. ಬೆಂಕಿಯ ಬಿಸಿಯಿಂದ ಪೆಟ್ಟಿಗೆ ಕರೆಂಟ್ ತಯಾರಿಸುತ್ತದೆ, ಒಳಗಿನ ಫ್ಯಾನು ಬೆಂಕಿಗೆ ಗಾಳಿ ಊದುತ್ತದೆ, ಉಳಿದ ಕರೆಂಟಿನಲ್ಲಿ ದೀಪ ಉರಿಯುತ್ತದೆ. ಟೈಲರಮ್ಮ ಅದನ್ನು ಇಳಿಸಿ ಒರೆಸಿದಳು. ಆಮೇಲೆ ತನ್ನ ಚಾಳಿಯಂತೆ ಅದಕ್ಕೊಂದು ಅಂಗಿ ಹೊಲಿದಳು. ಅವಳ ಮನೆಯಲ್ಲಿ ಬೆತ್ತಲಾಗಿರುವ ವಸ್ತುವೇ ಇರಲಿಲ್ಲ. ರೇಡಿಯೊಗೆ ಅಂಗಿ, ಫೋನಿಗೆ ಅಂಗಿ, ಗಂಡನ ಟಿಕೆಟ್ ಮಿಷನ್ನಿಗೂ ಅಂಗಿ. ಪೆಟ್ಟಿಗೆಗೆ ಮಸಿ ತಾಗಬಾರದೆಂದು ಅಳತೆ ತೆಗೆದು, ಹತ್ತಿ ತುಂಬಿ, ಗುಂಡಿ ಹಚ್ಚಿ ತೊಡಿಸಿದಳು.

ಹೊತ್ತು ಇಳಿಯುವ ಮೊದಲೇ ಒಲೆಯನ್ನು ಹೊಸ್ತಿಲಾಚೆ ಇಟ್ಟು, ಪಕ್ಕದಲ್ಲೊಂದು ಬಕೆಟ್ ನೀರಿಟ್ಟು, ಕಟ್ಟಿಗೆ ಚೂರು ಹಾಕಿ ಹಚ್ಚಿದಳು. ಪೆಟ್ಟಿಗೆಯಿಂದ ವೈರೆಳೆದು ಮಿಷನ್ನಿನ ಮೇಲೆ ತೂಗುಹಾಕಿದ್ದ ದೀಪ ಮಿಣುಕಿತು. ಮಿಷನ್ನಿನ ಮುಂದೆ ಕೂರುವಷ್ಟರಲ್ಲಿ ಆರಿತು. ಒಲೆ ಹೊಗೆ ಕಾರಿತು, ಅಂಗಿಯ ಸಂದಿಯಲ್ಲಿ, ಪೆಟ್ಟಿಗೆ ಕಾದಿದೆ ಎನ್ನುವ ಕೆಂಪು ದೀಪ ಹತ್ತಿಕೊಂಡಿತು. ಮತ್ತೆ ಹಚ್ಚಿದಳು, ಮತ್ತೆ ಅದೇ ಕತೆ. ಎದುರಿನ ಅಂಗಡಿಯವರು ಬಾಗಿಲಿಗೆ ಬಂದು ನಿಂತು ನೋಡತೊಡಗಿದರು. ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು.

ಗಂಡ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಅಲ್ಲ ಕಣೇ, ಮೂಗು ಬಾಯಿ ಎಲ್ಲಾ ಸೇರಿಸಿ ಹೊಲಿದುಬಿಟ್ರೆ ಅದು ಉಸಿರಾಡೋದು ಹೇಗೆ? ಗಾಳಿ ಹೋಗೋ ಕಿಂಡಿನೇ ಮುಚ್ಚಿದೀಯ!"

ಅವಳಿಗೆ ತನ್ನ ಮೇಲೇ ನಗು ಬಂತು. ಗುಂಡಿ ಬಿಚ್ಚುವ ತಾಳ್ಮೆಯಿಲ್ಲದೆ ಕತ್ತರಿ ಹಾಕಿ ಅಂಗಿಯನ್ನು ಸೀಳಿ ಎಸೆದಳು. ಪೆಟ್ಟಿಗೆ ತಣಿದ ಮೇಲೆ ಮತ್ತೆ ಹಚ್ಚಿದಾಗ ಫ್ಯಾನು ಗುಂಯ್ ಎಂದಿತು. ಹೊಗೆ ಅಡಗಿತು, ಬಿಳಿ ಬಟ್ಟೆಯ ಮೇಲೆ ಬೆಳಕು ಬಿತ್ತು. ಒಂದಾದ ಮೇಲೊಂದು ಕೋಟು ಮುಗಿಯುತ್ತ ಬಂತು. ಗಂಡ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಚೂರು ಚೂರೇ ಕಟ್ಟಿಗೆ ಉಣಿಸುತ್ತಿದ್ದ.

ಹೊರಗೆ ಪೂರ್ತಿ ಕತ್ತಲಾದಾಗ ಯಜಮಾನರು ಬೇಕರಿಯವನನ್ನು ಕರೆದುಕೊಂಡು ಬಂದರು. ಬೆಳಕು ಕಂಡು ಅವರ ಮುಖ ಹುಳ್ಳಗಾಯಿತು.

"ಯಾರಮ್ಮ ಕರೆಂಟ್ ಕೊಟ್ಟಿದ್ದು ನಿನಗೆ?"

"ಯಾರೂ ಕೊಟ್ಟಿಲ್ಲ ಸಾರ್. ನಾನೇ ಮಾಡ್ಕೊಂಡೆ."

"ನನ್ನ ಕಟ್ಟಡದಲ್ಲಿ ಬೆಂಕಿ ಹಚ್ತೀಯಾ?" ಎನ್ನುತ್ತ ಯಜಮಾನರು ಬಕೆಟ್ ಎತ್ತಿ ಒಲೆಗೆ ಸುರಿದೇಬಿಟ್ಟರು. ಬೆಂಕಿ ಚೊಂಯ್ ಎಂದು ಸತ್ತಿತು. ಎಲ್ಲರೂ ದೀಪದ ಕಡೆ ನೋಡಿದರು.

ದೀಪ ಆರಲಿಲ್ಲ.

"ಪೆಟ್ಟಿಗೇಲಿ ಬ್ಯಾಟರಿ ಇದೆ ಸಾರ್. ಇಷ್ಟು ಹೊತ್ತು ಉರಿದಿದ್ದೆಲ್ಲ ಅದರ ಹೊಟ್ಟೇಲಿದೆ" ಎಂದ ಗಂಡ ಮೆಲ್ಲಗೆ. ಹೇಳಿದ್ದು ತಾನೇ ಎಂದು ಅವನಿಗೇ ಅಚ್ಚರಿಯಾದಂತಿತ್ತು.

"ಖಾಲಿ ಅಂಗಡಿ ಅಂದ್ರಲ್ಲ?" ಎಂದು ಬೇಕರಿಯವನು ಗೊಣಗಿದ.

"ಖಾಲಿ ಇಲ್ಲ" ಎಂದಳು ಟೈಲರಮ್ಮ. "ನಾಳೆ ಬಂದ್ರೂ ಖಾಲಿ ಇರಲ್ಲ. ರೀ, ಒಣ ಕಟ್ಟಿಗೆ ತನ್ನಿ, ಇನ್ನೂ ಎರಡು ಕೋಟು ಬಾಕಿ ಇದೆ."

ಅವಳು ಮಿಷನ್ ತುಳಿಯತೊಡಗಿದಳು. ಗಂಡ ಎದ್ದ. ಯಜಮಾನರು ಹೊಸ್ತಿಲಿಗೆ ಅಡ್ಡಲಾಗಿ ನಿಂತೇ ಇದ್ದರು. ಇಷ್ಟು ವರ್ಷ ಅವರನ್ನು ಕಂಡಾಗಲೆಲ್ಲ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ ಮನುಷ್ಯ, ಎದೆ ಉಬ್ಬಿಸಿ, ಕೇರಿಗೆಲ್ಲ ಕೇಳುವಂತೆ ಕಂಡಕ್ಟರ್ ಗಂಟಲು ತೆಗೆದ:

"ಬಾಗಿಲಲ್ಲಿ ನಿಲ್ಲಬೇಡಿ ಸಾರ್! ಮುಂದಕ್ಕೆ ನಡೀರಿ, ಮುಂದಕ್ಕೆ!"